ಸೇರಿದ ದಿನ ಒಲೆಯ ಮೇಲೆ ಏನಿಡಬೇಕು?

*ಇಂದಿನ ಧಮ್ಮ ಚಿಂತನೆ*




ನಮ್ಮ ಭಾನುವಾರದ ಅಧ್ಯಯನ ಮನೆಯಿಂದ ಮನೆಗೆ ಸುತ್ತುತ್ತದೆ. ಒಂದು ವಾರ ರಾಜಾಜಿನಗರ, ಇನ್ನೊಂದು ವಾರ ವಿಜಯನಗರ, ಮತ್ತೊಂದು ವಾರ ಬಸವೇಶ್ವರನಗರ ಅಥವಾ ಕೆಂಗೇರಿ. ವಂದನೆ, ಪಠಣ, ಚರ್ಚೆ ಮುಗಿಯುವಾಗ ಒಂದೂವರೆ ಗಂಟೆಯಾಗಿರುತ್ತದೆ. ಆಮೇಲೆ ಹದಿನೈದು ಇಪ್ಪತ್ತು ಜನರಿಗೆ ಊಟ. ಆ ಊಟಕ್ಕೆ ಏನು ಮಾಡಬೇಕು ಎಂದು ಗುಂಪಿನಲ್ಲಿ ಕೇಳಿದಾಗ ಪ್ರತಿ ಸಲವೂ ಮೂರು ಉತ್ತರ ಬರುತ್ತವೆ.

ಮೊದಲನೆಯದು: "ಬುದ್ಧರು ಕರುಣೆ ಹೇಳಿದವರು. ಧಮ್ಮದ ಕಾರ್ಯಕ್ರಮದಲ್ಲಿ ಸಸ್ಯಾಹಾರವೇ ಇರಲಿ."

ಎರಡನೆಯದು: "ನಮ್ಮ ಊಟವನ್ನು ನಾವೇ ಮುಚ್ಚಿಟ್ಟರೆ ಸ್ವಾಭಿಮಾನ ಎಲ್ಲಿ ಉಳಿಯಿತು? ಮನೆಯಲ್ಲಿ ಉಣ್ಣುವುದನ್ನೇ ಮಾಡೋಣ."

ಮೂರನೆಯದು: "ಸುಮ್ಮನೆ ಯಾಕೆ ತಲೆನೋವು? ಒಂದು ವೆಜ್ ಪಲಾವ್, ಒಂದು ಮೊಸರು ಬಜ್ಜಿ. ಯಾರಿಗೂ ತೊಂದರೆ ಇಲ್ಲ."

ಮೂರನ್ನೂ ಹೇಳುವವರು ನಮ್ಮವರೇ, ಒಳ್ಳೆಯ ಮನಸ್ಸಿನವರೇ. ಹಾಗಾಗಿ ಯಾರು ಸರಿ ಎಂದು ಬೆರಳು ತೋರಿಸುವ ಮೊದಲು ಈ ಪ್ರಶ್ನೆಯ ಒಳಗೆ ಏನೇನಿದೆ ಎಂದು ಬಿಡಿಸಿ ನೋಡೋಣ. ಮೇಲ್ನೋಟಕ್ಕೆ ಇದು ಅಡುಗೆಯ ಮಾತು, ಆದರೆ ಒಳಗಿರುವುದು ಶೀಲದ ಮಾತು.

*ಊಟ ನಮಗೆ ಸಣ್ಣ ಸಂಗತಿ ಯಾಕಲ್ಲ*

ಈ ದೇಶದಲ್ಲಿ ಜಾತಿಯ ಬೇಲಿಯನ್ನು ಅನ್ನ ನೀರಿನ ಸುತ್ತಲೇ ಹೆಣೆದರು. ಹೊಟೇಲಿನಲ್ಲಿ ಬೇರೆ ಲೋಟ, ಮದುವೆಯಲ್ಲಿ ಬೇರೆ ಪಂಕ್ತಿ, ಕೈಗೆ ತಾಕದಂತೆ ಮೇಲಿನಿಂದ ಸುರಿಯುವ ನೀರು. ನಮ್ಮ ಹಿರಿಯರಲ್ಲಿ ಇದನ್ನು ಕಂಡಿಲ್ಲದವರು ಕಡಿಮೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ನಮಗೆಲ್ಲ ಗೊತ್ತು. ಅದರ ನಂತರ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇವರು ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಊರಿನಲ್ಲಿ ಸುಳ್ಳು ಸುದ್ದಿ ಹಬ್ಬಿಸಿ, ಗುಂಪೊಂದು ಪೆಂಡಾಲಿಗೆ ನುಗ್ಗಿತು. ಊರಿಗೆ ಹೊರಡುವ ಮುಂಚೆ ಕೆಲವರು ಅಲ್ಲಿ ಊಟಕ್ಕೆ ಕೂತಿದ್ದರು. ಗುಂಪು ಆ ಅನ್ನವನ್ನು ಮಣ್ಣಿಗೆ ಚೆಲ್ಲಿತು, ಪಾತ್ರೆಗಳನ್ನು ಜಜ್ಜಿತು, ಜನರನ್ನು ಹೊಡೆಯಿತು. ನಾವು ಒಟ್ಟಿಗೆ ಕೂತು ನೆಮ್ಮದಿಯಾಗಿ ಉಣ್ಣುವುದು ಕೆಲವರ ಕಣ್ಣಿಗೆ ಅಷ್ಟು ದೊಡ್ಡ ಅಪರಾಧವಾಗಿತ್ತು.

ಅದಕ್ಕೂ ಹತ್ತು ವರ್ಷ ಮುಂಚೆ, 1917ರಲ್ಲಿ, ಕೇರಳದ ಚೆರಾಯಿಯಲ್ಲಿ ನಾರಾಯಣ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿದರು. ಈಳವರು ಪುಲಯರ ಜೊತೆ ಕೂತು ಉಂಡರು. ಅದಕ್ಕಾಗಿ ಸ್ವಂತ ಜನರಿಂದಲೇ ಅವರು ಬೈಗುಳ, ಬಹಿಷ್ಕಾರ ಅನುಭವಿಸಿದರು.

ಹಾಗೆಂದು ಸಹಭೋಜನ ಮಾಡಿದರೆ ಜಾತಿ ಹೋಯಿತು ಎಂದು ಬಾಬಾಸಾಹೇಬರು ನಂಬಲಿಲ್ಲ. 1936ರ ಜಾತಿ ವಿನಾಶದಲ್ಲಿ ಅವರು ಸ್ಪಷ್ಟವಾಗಿ ಹೇಳುತ್ತಾರೆ: ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ, ಯಾವ ನಂಬಿಕೆ ಜನರನ್ನು ಮೇಲು ಕೀಳು ಎಂದು ವಿಂಗಡಿಸುತ್ತದೆಯೋ ಆ ನಂಬಿಕೆಯನ್ನೇ ಕೀಳಬೇಕು. ಅಂದರೆ ತಟ್ಟೆಯನ್ನು ಮಾತ್ರ ನೋಡಿದರೆ ಸಾಲದು, ತಟ್ಟೆಯನ್ನು ನೋಡುವ ಕಣ್ಣನ್ನೂ ನೋಡಬೇಕು. ಆ ಕಣ್ಣು ನಮ್ಮದೂ ಆಗಿರಬಹುದು.

*ಒಬ್ಬ ಅವ್ವನ ಮಾತು*

ನಮ್ಮ ವೃತ್ತದಲ್ಲಿ ಎಪ್ಪತ್ತು ದಾಟಿದ ಒಬ್ಬ ಅವ್ವ ಇದ್ದಾರೆ. ಅವರ ಕೈರುಚಿಯನ್ನು ಬೀದಿಯವರೆಲ್ಲ ಹೊಗಳುತ್ತಾರೆ. ಆದರೆ ನಮ್ಮ ಭಾನುವಾರಕ್ಕೆ ಅವರು ತರುತ್ತಿದ್ದದ್ದು ಬಾಳೆಹಣ್ಣು ಮಾತ್ರ. ಒಂದು ದಿನ ಪಾತ್ರೆ ತೊಳೆಯುವಾಗ ಕೇಳಿದೆ: "ಯಾಕವ್ವ, ನೀವು ಏನೂ ಮಾಡಿಕೊಂಡು ಬರೋದೇ ಇಲ್ಲ?"

ಅವರು ದನಿ ತಗ್ಗಿಸಿದರು. "ನಂಗೆ ಚೆಂದಾಗಿ ಬರೋದು ಒಣಮೀನು ಬದನೇಕಾಯಿ ಸಾರು ಕಣವ್ವ. ಅದ ಇಲ್ಲಿಗೆ ತರಕ್ಕಾಯ್ತದಾ? ಬುದ್ಧನ ಮುಂದೆ ನಾತ ಅಂತಾರೆ."

"ಯಾರು ಅಂತಾರೆ?"

"ನಮ್ಮೋರೇ."

ನಾನು ಈ ಚಿಂತನೆ ಬರೆಯಲು ಕಾರಣ ಆ ಒಂದು ಪದ. ಮೇಲಿನವರು ಅಂದಿದ್ದರೆ ಅವ್ವ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದನ್ನು ಕೇಳಿ ಕೇಳಿ ಅವರ ಕಿವಿ ಗಟ್ಟಿಯಾಗಿದೆ. ಹಳೆಯ ಮನೆ ಬಿಟ್ಟು ಧಮ್ಮದ ಮನೆಗೆ ಬಂದ ಮೇಲೂ ಅದೇ ನಾಚಿಕೆ ಬಾಗಿಲಲ್ಲಿ ಕಾದಿದ್ದರೆ, ನಾವು ಬದಲಿಸಿದ್ದೇನು?

*ನಾತದ ಬಗ್ಗೆ ಸುತ್ತ ಏನು ಹೇಳುತ್ತದೆ*

ಸುತ್ತನಿಪಾತದಲ್ಲಿ ಆಮಗಂಧ ಸುತ್ತವಿದೆ. ಆಮಗಂಧ ಎಂದರೆ ಹಸಿಮಾಂಸದ ನಾತ, ಅವ್ವನ ಬಾಯಿಗೆ ಬಂದದ್ದೇ. ಮಾಂಸ ಉಂಡವರು ನಾತದವರು ಎಂದು ಆಕ್ಷೇಪಿಸಿದ ಒಬ್ಬ ಬ್ರಾಹ್ಮಣ ತಪಸ್ವಿಗೆ ಹಿಂದಿನ ಬುದ್ಧರಾದ ಕಸ್ಸಪರು ಕೊಡುವ ಉತ್ತರ ಅದರಲ್ಲಿದೆ. ಅದರ ಸಾರ ಹೀಗಿದೆ: ಕೊಲ್ಲುವುದು, ಹೊಡೆಯುವುದು, ಕದಿಯುವುದು, ಸುಳ್ಳು, ಮೋಸ, ಚಾಡಿ, ಸೊಕ್ಕು, ಜಿಪುಣತನ, ಇನ್ನೊಬ್ಬರನ್ನು ಹೀನಾಯವಾಗಿ ಕಾಣುವುದು, ಇವು ನಾರುತ್ತವೆ. ಮಾಂಸ ಉಣ್ಣುವುದನ್ನು ಆ ಸುತ್ತ ನಾತ ಎಂದು ಕರೆಯುವುದಿಲ್ಲ.

ಥೇರಗಾಥೆಯಲ್ಲಿ ಮಹಾಕಸ್ಸಪರ ಪ್ರಸಂಗವೊಂದಿದೆ. ಅವರು ಹುಟ್ಟಿನಿಂದ ಬ್ರಾಹ್ಮಣರು, ಶುಚಿ ಮಡಿಯಲ್ಲಿ ಬೆಳೆದವರು. ಭಿಕ್ಷೆಗೆ ಹೋದಾಗ ಒಬ್ಬ ಕುಷ್ಠರೋಗಿ ತನ್ನ ಊಟದ ತುತ್ತನ್ನು ಪಾತ್ರೆಗೆ ಹಾಕುತ್ತಾನೆ. ಹಾಕುವಾಗ ಅವನ ಬೆರಳೇ ಕಳಚಿ ಬೀಳುತ್ತದೆ. ಮಹಾಕಸ್ಸಪರು ಗೋಡೆಯ ಬದಿಗೆ ಕೂತು ಆ ಅನ್ನ ಉಣ್ಣುತ್ತಾರೆ. ಉಣ್ಣುವಾಗಲೂ ಉಂಡ ಮೇಲೂ ಜಿಗುಪ್ಸೆ ಹುಟ್ಟಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಮಡಿಯ ಮನಸ್ಸು ಪೂರ್ತಿ ಕರಗಿದ್ದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಕೆ? ನಾವಾದರೆ ಒಣಮೀನಿನ ಡಬ್ಬಿ ತೆರೆದರೆ ಮೂಗು ಮುಚ್ಚುತ್ತೇವೆ.

ದೇವದತ್ತನ ಕಥೆಯನ್ನೂ ನೆನೆಯಬೇಕು. ಭಿಕ್ಷುಗಳು ಜೀವನಪೂರ್ತಿ ಮೀನು ಮಾಂಸ ಮುಟ್ಟಬಾರದು ಎಂಬುದೂ ಸೇರಿ ಐದು ನಿಯಮಗಳನ್ನು ಕಡ್ಡಾಯ ಮಾಡಿ ಎಂದು ಅವನು ಕೇಳಿದ. ಬುದ್ಧರು ಒಪ್ಪಲಿಲ್ಲ. ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು, ಈ ಮೂರು ಸರಿಯಿದ್ದರೆ ಭಿಕ್ಷು ಸ್ವೀಕರಿಸಬಹುದು ಎಂದರು. ಜೀವಕ ಸುತ್ತದಲ್ಲೂ ಇದೇ ಮಾತಿದೆ.

*ಹಾಗಾದರೆ ಮಾಂಸ ಉಣ್ಣುವವರು ಗೆದ್ದರೆ?*

ಇಲ್ಲ. ಇಲ್ಲಿಗೆ ನಿಲ್ಲಿಸಿದರೆ ಸುತ್ತವನ್ನು ನಮ್ಮ ನಾಲಿಗೆಗೆ ಬೇಕಾದಂತೆ ಬಳಸಿಕೊಂಡಂತಾಗುತ್ತದೆ.

ಪಂಚಶೀಲದ ಮೊದಲ ಶೀಲ ಪ್ರಾಣಹತ್ಯೆಯನ್ನು ಬಿಡುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಬಗ್ಗೆ ಕರುಣೆ ಇಡುವ ಪ್ರತಿಜ್ಞೆ ಇದೆ. ಮದ್ಯ ಬಿಡುವ ಪ್ರತಿಜ್ಞೆ ಇದೆ. ಮಾಂಸ ಬಿಡಬೇಕೆಂಬ ಪ್ರತಿಜ್ಞೆ ಇಲ್ಲ. 1957ರಲ್ಲಿ ಪ್ರಕಟವಾದ ಬುದ್ಧ ಮತ್ತು ಅವನ ಧಮ್ಮದಲ್ಲಿ ಅವರು ಇದನ್ನು ಬಿಡಿಸಿ ಹೇಳುತ್ತಾರೆ: ಬುದ್ಧರು ಅಹಿಂಸೆಯನ್ನು ಕಟ್ಟಳೆಯಾಗಿ ಹೇರಲಿಲ್ಲ, ತತ್ವವಾಗಿ ಕೊಟ್ಟರು. ಕಟ್ಟಳೆ ನಮ್ಮ ಪರವಾಗಿ ತಾನೇ ತೀರ್ಮಾನ ಮಾಡಿಬಿಡುತ್ತದೆ. ತತ್ವ ಯೋಚಿಸುವ ಹೊಣೆಯನ್ನು ನಮ್ಮ ಮೇಲೆ ಬಿಡುತ್ತದೆ. ಕೊಲ್ಲಬೇಕೆಂಬ ಆಸೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂಬ ವಿವೇಚನೆ ಅಲ್ಲಿಂದ ಶುರುವಾಗುತ್ತದೆ.

ಆ ಹೊಣೆ ಹೊತ್ತು ಯೋಚಿಸಿದರೆ ಒಂದು ತೊಡಕು ಎದುರಾಗುತ್ತದೆ. "ನಾನು ಕೊಲ್ಲಲಿಲ್ಲ, ಅಂಗಡಿಯಲ್ಲಿ ತಂದೆ" ಎನ್ನುತ್ತೇವೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಮಾಂಸದ ವ್ಯಾಪಾರವೂ ಒಂದು. ಹಾಗಾದರೆ ಕತ್ತಿ ಹಿಡಿದವನ ಮೇಲೆ ಪಾಪ ಹೊರಿಸಿ, ನಾನು ಕೈ ತೊಳೆದುಕೊಂಡು ಉಂಡರೆ ಅದು ಯಾವ ನ್ಯಾಯ? ಇದು ನಮಗೆ ಚೆನ್ನಾಗಿ ಗೊತ್ತಿರುವ ನ್ಯಾಯ. ಸತ್ತ ದನ ಎತ್ತುವವರು ಬೇಕು, ಅವರು ಮನೆಯೊಳಗೆ ಬರಬಾರದು. ಚರ್ಮ ಹದ ಮಾಡುವವರು ಬೇಕು, ಅವರನ್ನು ಮುಟ್ಟಬಾರದು. ಮೋರಿ ಬಳಿಯುವವರು ಬೇಕು, ಅವರ ಲೋಟ ಬೇರೆ. ನನ್ನ ಶುದ್ಧಿಗೆ ಇನ್ನೊಬ್ಬ ಅಶುದ್ಧನಾಗಿರಬೇಕು. ಜಾತಿ ನಿಂತಿರುವುದೇ ಈ ಲೆಕ್ಕದ ಮೇಲೆ.

ಈ ಪ್ರಶ್ನೆ ಸಸ್ಯಾಹಾರಿಗಳನ್ನೂ ಬಿಡುವುದಿಲ್ಲ. ಹಾಲು ಕೊಡುವ ಹಸುವಿಗೆ ಗಂಡುಕರು ಹುಟ್ಟಿದರೆ ಅದರ ಗತಿ ಏನು ಎಂದು ಮೊಸರನ್ನ ಉಣ್ಣುವವರು ಕೇಳಿಕೊಳ್ಳಬೇಕಾಗುತ್ತದೆ. ಈ ಲೋಕದಲ್ಲಿ ಪೂರ್ತಿ ಕೈ ತೊಳೆದುಕೊಂಡು ಉಣ್ಣಬಲ್ಲ ಮನುಷ್ಯ ಇಲ್ಲ.

ಹಾಗಾಗಿ ನನಗೆ ಇಷ್ಟು ಸರಿ ಎನಿಸುತ್ತದೆ. ನಮ್ಮ ಸಭೆಗಾಗಿ, ನಮ್ಮ ಹಬ್ಬಕ್ಕಾಗಿ ಎಂದು ಒಂದು ಜೀವ ಕಡಿಸಬಾರದು. ಬುದ್ಧ ಪೂರ್ಣಿಮೆಯ ದಿನ ಕುರಿ ಕೊಯ್ಯಿಸಿ ಬಾಡೂಟ ಹಾಕುವುದು ನಮಗೆ ಒಪ್ಪುವಂಥದ್ದಲ್ಲ. ಮನೆಯ ದಿನನಿತ್ಯದ ಊಟದಲ್ಲಿ ಮೀನು, ಮೊಟ್ಟೆ, ಮಾಂಸ ಇದ್ದರೆ ಅದನ್ನು ಕೃತಜ್ಞತೆಯಿಂದ, ಹಿತಮಿತವಾಗಿ, ಒಂದು ಜೀವ ಹೋಗಿದೆ ಎಂಬ ಅರಿವಿನಿಂದ ಉಣ್ಣಬೇಕು. ಬಿಡಲು ಸಾಧ್ಯವಾದವರು ಬಿಡಲಿ, ಅವರಿಗೆ ಸಾಧು. ಆದರೆ ಬಿಟ್ಟವರು ಬಿಡದವರ ತಟ್ಟೆಯ ಮೇಲೆ ಕಣ್ಣು ಹಾಕಿದ ಕ್ಷಣ, ಬಿಟ್ಟದ್ದರ ಪುಣ್ಯ ಸೊಕ್ಕಾಗಿ ಮಾರ್ಪಟ್ಟಿರುತ್ತದೆ.

*ಎಲ್ಲ ಹಳೆಯದೂ ಪವಿತ್ರವೇ?*

"ನಮ್ಮ ಊಟ ನಮ್ಮ ಹೆಮ್ಮೆ" ಎನ್ನುವವರಿಗೂ ಒಂದು ಮಾತು. ನಮ್ಮ ಅಜ್ಜಿಯರು ಉಂಡದ್ದನ್ನೆಲ್ಲ ಅವರು ಬಯಸಿ ಉಣ್ಣಲಿಲ್ಲ. ಯಜಮಾನರ ಮನೆಯ ತಂಗಳಿಗೆ ಕಾದದ್ದು, ಸತ್ತ ದನದ ಮಾಂಸವನ್ನು ಪಾಲು ಹಾಕಿಕೊಂಡದ್ದು ಹಸಿವು ಮತ್ತು ಅವಮಾನ ಮಾಡಿಸಿದ ಕೆಲಸ. ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದರು. ಅವರು ಜನರ ನಾಲಿಗೆಯನ್ನು ಹಳಿಯಲಿಲ್ಲ, ಆ ತುತ್ತಿನ ಜೊತೆ ಬರುತ್ತಿದ್ದ ಗುಲಾಮಗಿರಿಯನ್ನು ಕಿತ್ತೆಸೆಯಲು ಹೇಳಿದರು. 1948ರ ಅಸ್ಪೃಶ್ಯರು ಗ್ರಂಥದಲ್ಲಿ ಅವರು ಮಂಡಿಸುವ ವಾದವೂ ನಮಗೆ ತಿಳಿದಿರಬೇಕು: ಒಂದು ಕಾಲಕ್ಕೆ ಎಲ್ಲರೂ ಉಣ್ಣುತ್ತಿದ್ದ ಗೋಮಾಂಸವನ್ನು ಬೌದ್ಧರ ಜೊತೆಗಿನ ಪೈಪೋಟಿಯಲ್ಲಿ ಬ್ರಾಹ್ಮಣರು ಬಿಟ್ಟರು, ಬಿಡಲಾಗದೆ ಉಳಿದವರನ್ನು ಆ ಊಟವೇ ಅಸ್ಪೃಶ್ಯರನ್ನಾಗಿ ಮಾಡಿತು.

ಇವತ್ತು ಅದೇ ಊಟದ ಸುತ್ತ ಕಾನೂನೂ ಇದೆ. 2021ರಿಂದ ಜಾರಿಯಲ್ಲಿರುವ ರಾಜ್ಯದ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ, ಕರುಗಳ ವಧೆ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅನುಮತಿ ಪಡೆದು ಅವಕಾಶ. ಕಾನೂನನ್ನು ಪಾಲಿಸೋಣ, ಅದನ್ನು ಪ್ರಶ್ನಿಸುವ ಹಕ್ಕನ್ನು ಸಂವಿಧಾನದ ದಾರಿಯಲ್ಲೇ ಬಳಸೋಣ. ಆದರೆ "ದೊಡ್ಡ ಮಾಂಸ" ಉಂಡು ಬೆಳೆದ ನೆನಪಿಗೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಅವಮಾನದಿಂದ ಬಂದದ್ದನ್ನು ಬಿಡೋಣ. ಆ ಬಡತನದ ನಡುವೆಯೂ ನಮ್ಮ ಹೆಂಗಸರು ಬುದ್ಧಿಯಿಂದ, ಪ್ರೀತಿಯಿಂದ ಕಟ್ಟಿದ್ದನ್ನು ಉಳಿಸಿಕೊಳ್ಳೋಣ. ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿದುಕೊಳ್ಳುತ್ತಾರೆ. ಆ ಕಟ್ಟಿಗೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಚೂರು ಕಾಯಿ ರುಬ್ಬಿ ಹಾಕಿದರೆ ಸಾರು. ಮೇಲೆ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ, ಒಂದು ಹನಿಯೂ ದಂಡವಿಲ್ಲ. ಬಿಸಿ ಮುದ್ದೆಯ ಜೊತೆ ಅದನ್ನು ನುಂಗಿದರೆ ಹೊಟ್ಟೆಗಿಂತ ಮೊದಲು ಮನಸ್ಸು ತಣ್ಣಗಾಗುತ್ತದೆ. ಹಿತ ಎಂದರೆ ಇದೇ.

*ಮುಚ್ಚಿದ ಕಿಟಕಿ*

ಈಗ ಪಲಾವಿನ ಮಾತು. ಪಲಾವ್ ಒಳ್ಳೆಯ ಊಟವೇ. ಒಬ್ಬ ಅತಿಥಿ ಮಾಂಸ ಉಣ್ಣುವುದಿಲ್ಲ ಎಂದು ಅವರಿಗಾಗಿ ಮಾಡಿದರೆ ಅದು ಆದರ. ಪಕ್ಕದ ಮನೆಯವರ ಮೂಗಿಗೆ ಹೆದರಿ ಮಾಡಿದರೆ ಅದು ಭಯ. ಪಾತ್ರೆ ಒಂದೇ, ಅದನ್ನು ಒಲೆಗೆ ಏರಿಸಿದ ಮನಸ್ಸು ಬೇರೆ.

ನಮ್ಮ ಭಾಗದ ಬಡಾವಣೆಗಳಲ್ಲಿ "ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಹೊಸದಲ್ಲ. 12ನೆಯ ಶತಮಾನದಲ್ಲೇ ಕುಲ ಕೇಳಬೇಡಿ ಎಂದ ಬಸವಣ್ಣನ ಹೆಸರಿಟ್ಟುಕೊಂಡ ಬಡಾವಣೆಯಲ್ಲೂ ಅದು ತೂಗುತ್ತದೆ. ಆ ಬೋರ್ಡು ಎಷ್ಟೋ ಸಲ ಊಟ ಕೇಳುವ ನೆಪದಲ್ಲಿ ಜಾತಿ ಕೇಳುತ್ತದೆ. ನಾನು ರಾಜಾಜಿನಗರದಲ್ಲಿ ಬಾಡಿಗೆಗಿದ್ದ ವರ್ಷಗಳಲ್ಲಿ ಮೊಟ್ಟೆ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ಹೋಗಿ ಬಸ್ ಸ್ಟಾಪಿನ ಬಳಿ ಹಾಕಿ ಬರುತ್ತಿದ್ದೆ. ಮೀನು ಮಾಡಿದ ದಿನ ಕಿಟಕಿ ಮುಚ್ಚಿ, ಸಾಂಬ್ರಾಣಿ ಹಾಕುತ್ತಿದ್ದೆವು. ಮಕ್ಕಳು "ಯಾಕಮ್ಮ?" ಎಂದು ಕೇಳುತ್ತಿದ್ದರು.

ಹಾಗೆ ಕಿಟಕಿ ಮುಚ್ಚುವವರಿಗೆ ಧೈರ್ಯವಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಮನೆ ಖಾಲಿ ಮಾಡಬೇಕಾದವರು ಅವರು, ಮಕ್ಕಳ ಶಾಲೆ ಬದಲಿಸಬೇಕಾದವರು ಅವರು. ಕಳೆದುಕೊಳ್ಳುವವರಿಂದ ಧೈರ್ಯವನ್ನು ಕೇಳಿ ಪಡೆಯುವುದು ಸುಲಭ, ನ್ಯಾಯವಲ್ಲ. ನ್ಯಾಯ ಇರುವುದು ಇನ್ನೊಂದು ಕಡೆ. ನಮ್ಮಲ್ಲಿ ಸ್ವಂತ ಮನೆ ಕಟ್ಟಿಕೊಂಡವರಿದ್ದಾರೆ. ಅವರು ಕಿಟಕಿ ತೆರೆಯಲಿ. ಬಾಡಿಗೆ ಮನೆಯವರ ಸರದಿ ಬಂದಾಗ "ನಮ್ಮ ಮನೆಯಲ್ಲಿ ಮಾಡಿ ಬನ್ನಿ" ಎಂದು ಕರೆಯಲಿ. ಸ್ವಾಭಿಮಾನದ ಭಾರವನ್ನು ಹೊರಬಲ್ಲವರು ಹೊತ್ತರೆ ಅದೇ ದಾನ.

*ಒಲೆಯ ಮುಂದೆ ಯಾರು ನಿಂತಿದ್ದಾರೆ?*

ಕೊನೆಯದಾಗಿ, ನಾನು ಬಹಳ ವರ್ಷ ಧಮ್ಮ ಪ್ರವಚನ ಕೇಳಿದ್ದು ಅಡುಗೆಮನೆಯಿಂದ. ಹಾಲಿನಲ್ಲಿ ಮೈತ್ರಿಯ ಬಗ್ಗೆ ಚರ್ಚೆ ನಡೆಯುತ್ತಿರುತ್ತದೆ. ಒಳಗೆ ನಾಲ್ಕು ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಾ, ಕುಕ್ಕರಿನ ಕೂಗಿನ ನಡುವೆ ಅರ್ಧ ಮಾತು ಕೇಳಿಸಿಕೊಳ್ಳುತ್ತಿರುತ್ತಾರೆ. ಕೆಲವರು ಶಾಂತವಾಗಿ ಕೂರಲು ಇನ್ನು ಕೆಲವರು ಬೆವರಬೇಕು ಎಂಬುದು ಮೇಲೆ ಹೇಳಿದ ಅದೇ ಲೆಕ್ಕ, ಈಗ ನಮ್ಮ ಮನೆಯೊಳಗೆ.

ಆದ್ದರಿಂದ ಸುಲಭದ ಅಡುಗೆ ಸೋಮಾರಿಗಳ ಅಡುಗೆಯಲ್ಲ. ಅಡುಗೆ ಮಾಡುವವರೂ ಧಮ್ಮ ಕೇಳಬೇಕು ಎಂದು ತೀರ್ಮಾನಿಸಿದವರ ಅಡುಗೆ. ಐದು ಬಗೆ ಪಲ್ಯ, ಎರಡು ಸಿಹಿ, ಕರಿದ ತಿಂಡಿ ಬೇಡ. ಹದಿನೈದು ಜನಕ್ಕೆ ಮುಕ್ಕಾಲು ಕೆ.ಜಿ. ಅಲಸಂದೆ ಕಾಳು, ಐದಾರು ಕಟ್ಟು ಸೊಪ್ಪು, ಎರಡು ಕೆ.ಜಿ. ರಾಗಿಹಿಟ್ಟು, ಒಂದಿಷ್ಟು ಅನ್ನ, ಬೇಕಾದವರಿಗೆ ಬೇಯಿಸಿದ ಮೊಟ್ಟೆ ಸಾಕು. ಸೊಪ್ಪು ಬಿಡಿಸುವುದನ್ನು ಎಲ್ಲರೂ ಸುತ್ತ ಕೂತು ಚರ್ಚೆಯ ಜೊತೆಯೇ ಮಾಡಬಹುದು. ಮುದ್ದೆಗೆ ತೋಳಿನ ಬಲ ಬೇಕು, ಆ ಕೋಲು ಅಣ್ಣಂದಿರ ಕೈಗೆ ಬರಲಿ. ಪಾತ್ರೆ ತೊಳೆಯುವ ಸರದಿಯೂ ಪಟ್ಟಿಯಲ್ಲಿ ಇರಲಿ.

*ಚುಂದನ ಊಟ*

ಬುದ್ಧರ ಕೊನೆಯ ಊಟ ಕಮ್ಮಾರನ ಮಗ ಚುಂದನ ಮನೆಯದು. ಅವನು ಬಡಿಸಿದ ಸೂಕರಮದ್ದವ ಹಂದಿಯ ಮಾಂಸವೋ ಅಣಬೆಯೋ ಎಂದು ಪಂಡಿತರು ಇಂದಿಗೂ ವಾದ ಮಾಡುತ್ತಾರೆ. ಉಂಡ ಮೇಲೆ ಬುದ್ಧರಿಗೆ ತೀವ್ರ ಕಾಯಿಲೆಯಾಯಿತು. ಆ ನೋವಿನಲ್ಲೂ ಅವರು ಚಿಂತಿಸಿದ್ದು ಚುಂದನ ಬಗ್ಗೆ. ನಿನ್ನ ಊಟದಿಂದಲೇ ಹೀಗಾಯಿತು ಎಂದು ಯಾರಾದರೂ ಅವನನ್ನು ಚುಚ್ಚಬಹುದು, ಅವನು ಒಳಗೇ ಕೊರಗಬಹುದು ಎಂದು ಆನಂದರನ್ನು ಕರೆದು ಹೇಳಿದರು: ಬೋಧಿಗೆ ಮುಂಚಿನ ಊಟ, ಪರಿನಿಬ್ಬಾಣಕ್ಕೆ ಮುಂಚಿನ ಊಟ, ಎರಡರ ಫಲವೂ ಸಮ ಎಂದು ಅವನಿಗೆ ತಿಳಿಸು.

ಪಾತ್ರೆಯಲ್ಲಿ ಏನಿತ್ತು ಎಂಬುದು ಪಂಡಿತರ ಪ್ರಶ್ನೆ. ಬಡಿಸಿದವನ ಮುಖ ಬಾಡಬಾರದು ಎಂಬುದು ಬುದ್ಧರ ಕಾಳಜಿ. ನಮ್ಮ ಮೂರು ಉತ್ತರಗಳನ್ನೂ ಇದೇ ಅಳತೆಯಲ್ಲಿ ಅಳೆಯಬಹುದು. ಈ ಊಟಕ್ಕಾಗಿ ಯಾವ ಜೀವವನ್ನಾದರೂ ಬೇಕೆಂದೇ ಕೊಲ್ಲಿಸಿದೆವಾ? ಈ ಊಟದಿಂದ ಯಾರಾದರೂ ಸಣ್ಣವರಾದರಾ? ಈ ಊಟಕ್ಕಾಗಿ ಯಾರಾದರೂ ಧಮ್ಮ ಕೇಳದೆ ಉಳಿದರಾ? ಮೂರಕ್ಕೂ ಇಲ್ಲ ಎನ್ನಬಹುದಾದರೆ, ಪಲಾವ್ ಇರಲಿ, ಬಸ್ಸಾರಿರಲಿ, ಒಣಮೀನು ಸಾರಿರಲಿ, ಅದು ಧಮ್ಮದ ಊಟ.

*ಇಂದಿನ ಅಭ್ಯಾಸ:* ಇವತ್ತು ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಒಂದು ನಿಮಿಷ ಮೌನವಾಗಿರಿ. ಬೆಳೆದವರು, ಕೊಂದವರು, ತಂದವರು, ಬೇಯಿಸಿದವರು, ಪಾತ್ರೆ ತೊಳೆಯುವವರು, ಪ್ರಾಣ ಕೊಟ್ಟ ಜೀವಿ, ಎಲ್ಲರನ್ನೂ ನೆನೆಯಿರಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ: "ನಿಮಗೆ ತುಂಬಾ ಇಷ್ಟವಾದ, ಆದರೆ ಜನರ ಮುಂದೆ ಹೇಳದ ಅಡುಗೆ ಯಾವುದು?" ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

*ಚರ್ಚೆಗೆ:* ಕಟ್ಟಳೆ ಮತ್ತು ತತ್ವ, ಈ ಎರಡರಲ್ಲಿ ಯಾವುದನ್ನು ಪಾಲಿಸುವುದು ಹೆಚ್ಚು ಕಷ್ಟ? ಯಾಕೆ?

ಮುಂದಿನ ಭಾನುವಾರ ಕೆಂಗೇರಿಯಲ್ಲಿ, ನಮ್ಮ ಮನೆಯಲ್ಲಿ. ಕಿಟಕಿಗಳು ತೆರೆದಿರುತ್ತವೆ. ಮುದ್ದೆ ಕೋಲು ಹಿಡಿಯಲು ಇಬ್ಬರು ಅಣ್ಣಂದಿರ ಹೆಸರು ಬೇಕು, ಗುಂಪಿನಲ್ಲಿ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು. ಜೈ ಭೀಮ್.